ಕುಣಿತವೋ, ಶಾಕೋ?

ಈ ಅಂಕಣದಲ್ಲಿ ಸಾಮಾನ್ಯವಾಗಿ ನಾನು ಬೇರೆಯವರ ತಪ್ಪುಗಳನ್ನು ತಿದ್ದುತ್ತೇನೆ. ಮೇಷ್ಟ್ರ ಕೈಗೆ ಪೆನ್ನು ಕೊಟ್ಟರೆ ಇನ್ನೇನಾದೀತು? ಈ ವಾರ ಮಾತ್ರ ಕೆಂಪು ಶಾಯಿಯನ್ನು ನನ್ನ ಉತ್ತರಪತ್ರಿಕೆಗೇ ಬಳಸಬೇಕಾಗಿ ಬಂದಿದೆ. ಅದಕ್ಕೆ ಕಾರಣ ಚನ್ನರಾಯಪಟ್ಟಣದ ಕಡೆಯ ಒಬ್ಬ ತೆಂಗಿನ ತೋಟದ ಯಜಮಾನರು.

ಕಳೆದ ತಿಂಗಳು ಅವರು ನಮ್ಮ ಸ್ಟಾಫ್ ರೂಮಿಗೆ ಬಂದರು. ಕೈಯಲ್ಲಿ ನಾಲ್ಕು ಎಳನೀರು, ಮುಖದಲ್ಲಿ ತೋಟಕ್ಕೆ ನುಸಿ ಬಿದ್ದಷ್ಟು ಚಿಂತೆ.

“ಮೇಷ್ಟ್ರೇ, ಹುಡುಗ ಕೈ ತಪ್ಪೋದ. ಎಸ್ಸೆಸ್ಸೆಲ್ಸಿ ವರ್ಷ. ಗಿಟಾರ್ ತಂದವ್ನೆ, ಕೂದ್ಲು ಕತ್ತಿನ ತಂಕ ಬಿಟ್ಟವ್ನೆ. ಸ್ಕೂಲ್ ಡೇ ದಿವ್ಸ ಕಣ್ಣಿಗೆ ಬಣ್ಣ ಬಳ್ಕೊಂಡು, ಮಿಣಮಿಣ ಅನ್ನೋ ಅಂಗಿ ತೊಟ್ಕೊಂಡು ಸ್ಟೇಜ್ ಮೇಲೆ ಕುಣೀತಾನಂತೆ. ನೀವು ಒಂದು ಮಾತು ಹೇಳ್ಬೇಕು.”

“ಏನು ಹೇಳಲಿ ಗೌಡ್ರೇ?”

“ಬ್ಯಾಡ ಅನ್ನಿ. ನೀವು ಸೈನ್ಸ್ ಮೇಷ್ಟ್ರು. ಇಂಥ ಹುಚ್ಚಾಟ ಎಲ್ಲ ನಿಮಗೆ ಗೊತ್ತೇ ಇರಾಕಿಲ್ಲ. ನಿಮ್ಮ ಮಾತಿಗೆ ಬೆಲೆ ಐತೆ.”

ಕುಡಿಯುತ್ತಿದ್ದ ಎಳನೀರು ನೆತ್ತಿಗೆ ಹತ್ತಿತು. ಏಕೆಂದರೆ ಓದುಗರೇ, ಇಂಥ ಹುಚ್ಚಾಟ ನನಗೆ ಗೊತ್ತು. ಮೂವತ್ತು ವರ್ಷ ಮುಚ್ಚಿಟ್ಟ ಗುಟ್ಟನ್ನು ಈಗ ಬಿಚ್ಚುತ್ತಿದ್ದೇನೆ. ಬಿ.ಎಸ್ಸಿ. ಓದುವಾಗ ನಾನೂ ಒಂದು ಗ್ಲಾಮ್ ರಾಕ್ ತಂಡದಲ್ಲಿದ್ದೆ. ಹಾಸನ ಜಿಲ್ಲೆಯಲ್ಲಿ ಅದು ಮೊದಲನೆಯದಿರಬಹುದು. ನಮ್ಮ ಪ್ರದರ್ಶನ ನೋಡಿದವರ ಪ್ರಕಾರ ಕೊನೆಯದಾದರೂ ಅಡ್ಡಿಯಿಲ್ಲ.

ಗ್ಲಾಮ್ ರಾಕ್ ಎಂದರೇನು ಎಂದು ಪಾಲಕರಿಗೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಕೆಲವು ಗಾಯಕರು ಹೊಳೆಯುವ ಬಟ್ಟೆ, ಎತ್ತರದ ಅಟ್ಟೆಯ ಬೂಟು, ಮುಖಕ್ಕೆ ಬಣ್ಣ ಹಾಕಿಕೊಂಡು ವೇದಿಕೆ ಹತ್ತಿದರು. ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ 1971ರಲ್ಲಿ ಕಣ್ಣಿನ ಕೆಳಗೆ ಮಿನುಗಿನ ಪುಡಿ ಅಂಟಿಸಿಕೊಂಡು ಬಿ.ಬಿ.ಸಿ. ಟಿ.ವಿ.ಯಲ್ಲಿ ಹಾಡಿದ್ದೇ ಇದಕ್ಕೆಲ್ಲ ನಾಂದಿ ಎನ್ನುತ್ತಾರೆ. ಸ್ಲೇಡ್ ಎಂಬ ಇನ್ನೊಂದು ತಂಡದವರು ಹಾಡುಗಳ ಹೆಸರಿನ ಸ್ಪೆಲ್ಲಿಂಗನ್ನು ಬೇಕೆಂದೇ ತಪ್ಪಾಗಿ ಬರೆಯುತ್ತಿದ್ದರು. ಆ ಹಾಡುಗಳು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದವು. ನನ್ನ ವಿದ್ಯಾರ್ಥಿಗಳು ಬೇಕೆಂದಲ್ಲದೆಯೇ ಹಾಗೆ ಬರೆಯುತ್ತಾರೆ, ಪಾಪ, ಸೊನ್ನೆ ಬರುತ್ತದೆ.

ಇಷ್ಟೆಲ್ಲ ನನಗೆ ಈಗ ಗೊತ್ತು. 1989ರಲ್ಲಿ ಇದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ. ಆಗ ಹಾಸನದಲ್ಲಿ ನಾವು ನಾಲ್ವರು ಒಂದು ಬಾಡಿಗೆ ಕೋಣೆಯಲ್ಲಿದ್ದೆವು. ಒಬ್ಬ ಹಾಸನದವನೇ, ಮನೆಯಲ್ಲಿ ಜಗಳವಾಡಿ ನಮ್ಮ ಜೊತೆ ಸೇರಿಕೊಂಡವನು. ಒಬ್ಬ ಅರಕಲಗೂಡಿನವನು, ಒಬ್ಬ ಚನ್ನರಾಯಪಟ್ಟಣದವನು, ನಾನು ಹೊಳೆನರಸೀಪುರದವನು. ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಕೊಂಡೆವು. ಪೊಟ್ಟಣದ ಕಾಗದ ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯ ಬಣ್ಣದ ಹಾಳೆ. ಅದರಲ್ಲಿ ಒಬ್ಬ ಬಿಳಿಚಿದ ಮನುಷ್ಯ. ಕೆಂಪು ಕೂದಲು, ಮುಚ್ಚಿದ ಕಣ್ಣು, ಹಣೆಯಿಂದ ಕೆನ್ನೆಯವರೆಗೆ ಕೆಂಪು ನೀಲಿಯ ಒಂದು ಮಿಂಚು. ಹೆಸರಿದ್ದ ಜಾಗಕ್ಕೆ ಸರಿಯಾಗಿ ಹಾಳೆ ಹರಿದಿತ್ತು. ನಾವು ಅವನಿಗೆ ಮಿಂಚಪ್ಪ ಎಂದು ಹೆಸರಿಟ್ಟೆವು.

“ಇಂಥದ್ದೊಂದು ತಂಡ ನಾವೂ ಕಟ್ಟಬೇಕು ಕಣ್ರೋ” ಎಂದ ಅರಕಲಗೂಡಿನವನು.

ಮಿಂಚಪ್ಪ ಏನು ಹಾಡುತ್ತಾನೆ, ಹೇಗೆ ಹಾಡುತ್ತಾನೆ, ಹಾಡುತ್ತಾನೋ ಇಲ್ಲವೋ, ಯಾರೂ ಕೇಳಲಿಲ್ಲ. ಬೆಂಗಳೂರಿನಲ್ಲಾಗಿದ್ದರೆ ಕೇಳಬಹುದಿತ್ತೇನೋ. ಅಲ್ಲಿ 1970ರ ದಶಕದಲ್ಲೇ ಹ್ಯೂಮನ್ ಬಾಂಡೇಜ್ ಎಂಬ ರಾಕ್ ತಂಡವಿತ್ತು. ತಮಾಷೆ ನೋಡಿ, ದೇಶದ ಊರೂರಿಗೆ ಟಿ.ವಿ. ತಲುಪಿಸಿದ ಇನ್ಸಾಟ್-1ಬಿ ಉಪಗ್ರಹ 1983ರಲ್ಲಿ ಮೇಲೇರಿದಾಗ ಅದರ ಕಡಿವಾಣ ಹಿಡಿದದ್ದು ನಮ್ಮ ಹಾಸನದ ಕೇಂದ್ರವೇ. ಅದರ ಪಕ್ಕದಲ್ಲೇ ಇದ್ದ ನಮಗೆ ಜಗತ್ತಿನ ಸಂಗೀತ ತಲುಪಿದ್ದು ಕಡಲೆಕಾಯಿ ಪೊಟ್ಟಣದ ಮೂಲಕ.

ಮೊದಲ ಜಗಳ ತಂಡದ ಹೆಸರಿಗೆ. ಪ್ರತಿಯೊಬ್ಬನಿಗೂ ತನ್ನ ಊರಿನ ಹೆಸರು ಮುಂದಿರಬೇಕು. ಕೊನೆಗೆ ನಾಲ್ಕೂ ಊರಿನ ಮೊದಲಕ್ಷರ ಸೇರಿಸೋಣ ಎಂದು ಸಲಹೆ ಕೊಟ್ಟವನು ನಾನು. ಬರೆದು ನೋಡಿದರೆ ‘ಹಾಹೊಅಚ’ ಎಂದಾಯಿತು. ಜೋರಾಗಿ ಓದಿದಾಗ ಹೊರಗಿದ್ದ ಮನೆ ಓನರು, “ಶೀತವೇನ್ರಪ್ಪಾ? ಶುಂಠಿ ಕಷಾಯ ಕುಡೀರಿ” ಎಂದರು. ತಂಡಕ್ಕೆ ಕೊನೆಯವರೆಗೂ ಹೆಸರಿರಲಿಲ್ಲ. ಮುಂದೆ ನಮ್ಮ ಮಾನ ಅಷ್ಟಿಷ್ಟು ಉಳಿದದ್ದೂ ಅದರಿಂದಲೇ.

ಇನ್ನು ಕೆಲಸ ಹಂಚಿಕೆ. ಅರಕಲಗೂಡಿನವನು ತಾನೇ ಗಾಯಕ ಎಂದ. ಕಾರಣ ಕೇಳಿದರೆ, “ನಮ್ಮ ತಾಲ್ಲೂಕು ಅಂದ್ರೆ ಏನಂದ್ಕೊಂಡಿದೀರಿ? ರುದ್ರಪಟ್ಣ ಇರೋದು ನಮ್ಮಲ್ಲೇ!” ಮಾತೇನೋ ನಿಜ. ಕಾವೇರಿ ದಡದ ಆ ಸಣ್ಣ ಊರು ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭರಂಥ ವಿದ್ವಾಂಸರನ್ನು ಕೊಟ್ಟ ಸಂಗೀತದ ಊರು. ಆದರೆ ಇವನಿಗೂ ರುದ್ರಪಟ್ಟಣಕ್ಕೂ ಇದ್ದ ಸಂಬಂಧ ಬಸ್ಸಿನಲ್ಲಿ ಹಾದುಹೋದದ್ದಷ್ಟೇ. ಚನ್ನರಾಯಪಟ್ಟಣದವನ ಬಳಿ ಒಂದು ಹಳೆಯ ಗಿಟಾರಿತ್ತು. ಆರು ತಂತಿಗಳಲ್ಲಿ ನಾಲ್ಕು ಉಳಿದಿದ್ದವು. ಹಾಸನದವನು ಮದುವೆ ಬ್ಯಾಂಡಿನವರಿಂದ ಒಂದು ಡ್ರಮ್ಮು ಎರವಲು ತಂದ. ನನಗೆ ಹಾಡಲು ಬಾರದು, ನುಡಿಸಲು ಬಾರದು, ಕುಣಿಯಲಂತೂ ಖಂಡಿತ ಬಾರದು. ಫಿಸಿಕ್ಸ್ ಓದುತ್ತೇನೆಂಬ ಒಂದೇ ಅರ್ಹತೆಯ ಮೇಲೆ ಕರೆಂಟು ಮತ್ತು ಮೈಕಿನ ಖಾತೆ ನನಗೆ ಬಂತು. ಬೇಜಾರಾಗಬಾರದೆಂದು ಕೈಗೊಂದು ಕಂಜಿರ ಕೊಟ್ಟರು.

ಹಾಡುಗಳೆಂದರೆ ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರದವು. ಇಂಗ್ಲಿಷ್ ಒಂದಾದರೂ ಬೇಕಲ್ಲ ಎಂದಾಗ ನಮಗೆ ಬರುತ್ತಿದ್ದದ್ದು ಒಂದೇ, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ರಾಜ್‌ಕುಮಾರ್ ಹಾಡಿದ್ದು. ಹೀಗೆ ಮಿಂಚಪ್ಪನ ಮುಖಕ್ಕೆ ಅಣ್ಣಾವ್ರ ದನಿ ಸೇರಿಸಿ ನಮ್ಮ ಗ್ಲಾಮ್ ರಾಕ್ ಸಿದ್ಧವಾಯಿತು.

ಬಟ್ಟೆ ಎಲ್ಲಿಂದ ತರುವುದು? ಇಲ್ಲಿ ಮಾತ್ರ ನಮ್ಮ ಕಡೆಯವರು ಇಂಗ್ಲೆಂಡಿನವರಿಗಿಂತ ಮುಂದಿದ್ದೆವು. ನಮ್ಮ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡದ ಊರಿದೆಯೇ? ಹಗಲು ಆಲೂಗಡ್ಡೆ ಅಗೆಯುವವನು ರಾತ್ರಿ ಭುಜಕೀರ್ತಿ, ಕಿರೀಟ, ಬಣ್ಣ ತೊಟ್ಟು ಬೆಳಗಿನವರೆಗೆ ದುರ್ಯೋಧನನಾಗುತ್ತಾನೆ. ಬೋಲನ್ ಹುಟ್ಟುವ ಮೊದಲೇ ನಮ್ಮಲ್ಲಿ ಗ್ಲಾಮು ಇತ್ತು, ರಾಕ್ ಬರುವುದಷ್ಟೇ ಬಾಕಿಯಿತ್ತು. ಅರಕಲಗೂಡಿನವನ ಸೋದರಮಾವ ಇಂಥದ್ದೇ ಒಬ್ಬ ದುರ್ಯೋಧನ. ಅವರ ಮಾತಿನ ಮೇಲೆ ಡ್ರಾಮಾ ಸೀನರಿಯವರು ಮೂರು ಮೇಲಂಗಿ ಕೊಟ್ಟರು. ಗಾಯಕನಿಗೆ ದುರ್ಯೋಧನನದು, ಡ್ರಮ್ಮಿನವನಿಗೆ ಭೀಮನದು, ಗಿಟಾರಿನವನಿಗೆ ಕೃಷ್ಣನದು. ನನಗೆ ಉಳಿದದ್ದು ಶಕುನಿಯದು. ಅದು ಕಪ್ಪು, ಒಂದಿಷ್ಟೂ ಹೊಳೆಯುತ್ತಿರಲಿಲ್ಲ. ನಾನು ಬೇಡವೆಂದೆ.

ಈಗ ಹೇಳಲು ಹೊರಟಿದ್ದು ನಗುವ ಮಾತಲ್ಲ. ಆ ವಾರ ಊರಿಗೆ ಹೋದವನು ಅವ್ವನ ಟ್ರಂಕು ತೆಗೆದೆ. ತಳದಲ್ಲಿ ಅವಳ ಧಾರೆ ಸೀರೆ ಇತ್ತು. ಮಡಿಕೆಯಲ್ಲಿ ಹರಿದಿತ್ತು, ಅವಳು ಉಡುತ್ತಿರಲಿಲ್ಲ. ಅಂಚಿನಲ್ಲಿ ನಾಲ್ಕು ಬೆರಳಗಲ ಹಳೆಯ ಕಾಲದ ಅಸಲಿ ಜರಿ. ಕೇಳಿದರೆ ಕೊಡುವುದಿಲ್ಲವೆಂದು ನಾನೇ ತೀರ್ಮಾನಿಸಿ, ಕೇಳದೆ, ಬ್ಲೇಡಿನಿಂದ ಅಂಚು ಕತ್ತರಿಸಿಕೊಂಡೆ. ಉಳಿದದ್ದನ್ನು ಮಡಿಚಿ ಇದ್ದಂತೆಯೇ ಇಟ್ಟೆ. ಹಾಸನದ ದರ್ಜಿಯೊಬ್ಬರು ಅದನ್ನು ನನ್ನ ಅಂಗಿಯ ಕಾಲರಿಗೂ ಎರಡೂ ಮುಂಗೈಗೂ ಹೊಲಿದುಕೊಟ್ಟರು.

ಪ್ರದರ್ಶನ ಹೊಳೆನರಸೀಪುರದಲ್ಲಿ, ಒಂದು ಬೀದಿಯ ಗಣಪತಿ ಪೆಂಡಾಲಿನಲ್ಲಿ. ಸೆಪ್ಟೆಂಬರು ತಿಂಗಳು, ಸಂಜೆಯಿಂದ ತುಂತುರು ಮಳೆ. ವೇದಿಕೆ ಎಂದರೆ ನೆಲಕ್ಕೆ ಹಾಸಿದ ಹಲಗೆ, ಅದರ ಮೇಲೆ ನೆನೆದ ಜಮಖಾನ. ಕುಂಕುಮಕ್ಕೆ ಕೊಬ್ಬರಿ ಎಣ್ಣೆ ಕಲಸಿ ಮುಖಕ್ಕೆ ಬರೆದುಕೊಂಡ ಮಿಂಚು ಮಳೆಗೆ ಇಳಿದು, ನಾಲ್ವರೂ ಈಗಷ್ಟೇ ಹೊಡೆದಾಡಿ ಬಂದವರಂತೆ ಕಾಣುತ್ತಿದ್ದೆವು. ಗಿಟಾರಿನವನು ಇಂಗ್ಲೆಂಡಿನವರ ಎತ್ತರದ ಬೂಟಿಗೆ ಬದಲಾಗಿ ಲಾರಿ ಟೈರನ್ನು ಕೊಯ್ದು ಚಪ್ಪಲಿಗೆ ಮೂರು ಪದರ ಹೊಲಿಸಿಕೊಂಡಿದ್ದ. ನಾನು ಬರಿಗಾಲು.

ಮೈಕ್‌ಸೆಟ್ಟಿನ ಆಂಪ್ಲಿಫೈಯರಿಗೆ ಮೂರು ಪಿನ್ನಿನ ಪ್ಲಗ್ಗು. ಪೆಂಡಾಲಿನ ಬೋರ್ಡಿನಲ್ಲಿ ಎರಡೇ ತೂತು. ಮೈಕ್‌ಸೆಟ್ಟಿನ ಹುಡುಗ, “ಸ್ವಲ್ಪ ತಾಳಿ ಅಣ್ಣ, ಬೇರೆ ಬೋರ್ಡು ತರ್ತೀನಿ” ಎಂದ. ನಾನು ಬಿ.ಎಸ್ಸಿ. ಅಲ್ಲವೇ? ತಾಳಲಿಲ್ಲ. ಪ್ಲಗ್ಗು ಬಿಚ್ಚಿ, ಹಸಿರು ವೈರು ಕತ್ತರಿಸಿ, ಉಳಿದೆರಡನ್ನು ಬೆಂಕಿಕಡ್ಡಿ ಒತ್ತಿ ತೂತಿಗೆ ಸಿಕ್ಕಿಸಿದೆ. ಆ ಹಸಿರು ವೈರು ಅರ್ಥಿಂಗಿನದು. ಅರ್ಥಿಂಗಿನ ಉಪಯೋಗವನ್ನು ಚಿತ್ರಸಹಿತ ವಿವರಿಸಿ ಎಂಬ ಪ್ರಶ್ನೆ ಅದೇ ತಿಂಗಳ ಕಿರುಪರೀಕ್ಷೆಯಲ್ಲಿ ಬಂದಿತ್ತು. ನನಗೆ ಐದಕ್ಕೆ ಐದು.

ಮೊದಲ ಹಾಡು ಶುರುವಾಯಿತು. ಜನ ಸುಮ್ಮನೆ ನೋಡುತ್ತಿದ್ದರು. ಯಾರೋ ಒಬ್ಬರು, “ನಾಟಕ ಯಾವಾಗ ಶುರು?” ಎಂದು ಕೇಳಿದ್ದು ಕೇಳಿಸಿತು. ಎರಡನೆಯ ಹಾಡಿಗೆ ಹಿಂದಿನ ಸಾಲು ಎದ್ದುಹೋಯಿತು. ಮೂರನೆಯದರ ನಡುವೆ ಮೈಕು ಕುಂಯ್ಯೋ ಎಂದು ಊಳಿಟ್ಟಿತು. ಮೈಕಿನ ದನಿ ಹಾರ್ನಿನಿಂದ ಬಂದು, ಮತ್ತೆ ಮೈಕಿಗೇ ಹೊಕ್ಕು, ಸುತ್ತಿ ಸುತ್ತಿ ಹೆಚ್ಚಾಗುವ ಕತೆ ಅದು. ನನ್ನ ಖಾತೆಯ ಕೆಲಸ ಬಂತೆಂದು ಖುಷಿಯಾಗಿ ಓಡಿಹೋಗಿ, ಮೈಕನ್ನು ಬೇರೆ ಕಡೆ ತಿರುಗಿಸಲು ಕಬ್ಬಿಣದ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದೆ.

ಆಮೇಲಿನದು ನನಗೆ ತುಂಡುತುಂಡಾಗಿ ನೆನಪಿದೆ. ತೋಳು ನಡುಗಿತು, ಕತ್ತು ಹಿಂದಕ್ಕೆ ಎಳೆಯಿತು, ಕಾಲು ತನಗೆ ತಾನೇ ಕುಪ್ಪಳಿಸಿತು. ಬಿಡಬೇಕೆಂದರೆ ಬೆರಳು ಬಿಡುತ್ತಿಲ್ಲ. ಜನರ ಕಡೆಯಿಂದ ಅಂದಿನ ಮೊದಲ ಚಪ್ಪಾಳೆ ಬಂತು, ಶಿಳ್ಳೆ ಬಂತು, “ಒನ್ಸ್ ಮೋರ್!” ಬಂತು. ನನ್ನ ಗೆಳೆಯರು ಕೂಡ ಹುರುಪುಗೊಂಡು ಇನ್ನಷ್ಟು ಜೋರಾಗಿ ಬಾರಿಸತೊಡಗಿದರು. ಅವರಿಗೆ ಗುಮಾನಿ ಬರಲು ಕಾರಣವೇ ಇರಲಿಲ್ಲ. ಗಿಟಾರಿನವನು ಅದೇ ಸ್ಟ್ಯಾಂಡನ್ನು ಎರಡು ಸಲ ಮುಟ್ಟಿದ್ದ, ಟೈರಿನ ದಯೆಯಿಂದ ಅವನಿಗೆ ಏನೂ ಆಗಿರಲಿಲ್ಲ.

ಆಗ ಹೆಂಗಸರ ಸಾಲಿನಿಂದ ಒಂದು ಕೂಗು ಕೇಳಿಸಿತು.

“ಕುಣೀತಿಲ್ಲ ಕಣ್ರಪ್ಪೋ! ನನ್ ಮಗುಂಗೆ ಕುಣಿಯಾಕೆ ಬರಾಕಿಲ್ಲ! ಕರೆಂಟು ಹೊಡೀತೈತೆ, ಆಫ್ ಮಾಡ್ರೋ!”

ಮೈಕ್‌ಸೆಟ್ಟಿನ ಹುಡುಗ ಮೈನ್ ಎಳೆದ. ಕತ್ತಲಾಯಿತು. ನಾನು ಜಮಖಾನದ ಮೇಲೆ ಬಿದ್ದೆ.

ವಿದ್ಯಾರ್ಥಿಗಳೇ, ಈಗ ಲೆಕ್ಕ ಕೇಳಿ. ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟ್. ಮೈಯೊಳಗೆ ಒಂದು ಮಿಲಿಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ. ಹತ್ತಿಪ್ಪತ್ತು ಹರಿದರೆ ಸ್ನಾಯು ಬಿಗಿದು, ಹಿಡಿದದ್ದನ್ನು ಬಿಡಲಾಗುವುದಿಲ್ಲ. ನೂರರ ಆಸುಪಾಸಿಗೆ ಹೋದರೆ ಹೃದಯದ ಲಯ ತಪ್ಪಿ ಪ್ರಾಣ ಹೋಗಬಹುದು. ಒಣ ಚರ್ಮ ಒಂದಷ್ಟು ತಡೆಯುತ್ತದೆ, ಬೆವರಿದ ಚರ್ಮ ತಡೆಯುವುದಿಲ್ಲ. ಲೋಹಗಳಲ್ಲೆಲ್ಲ ವಿದ್ಯುತ್ತನ್ನು ಅತ್ಯಂತ ಚೆನ್ನಾಗಿ ಹರಿಸುವುದು ಬೆಳ್ಳಿ. ಅಸಲಿ ಜರಿ ಎಂದರೆ ರೇಷ್ಮೆಗೆ ಸುತ್ತಿದ, ಚಿನ್ನದ ಲೇಪದ ಬೆಳ್ಳಿ ಎಳೆ. ನಾನು ಎರಡೂ ಮುಂಗೈಗೆ ಬೆಳ್ಳಿ ಸುತ್ತಿಕೊಂಡು, ಬೆವರಿ, ಬರಿಗಾಲಲ್ಲಿ ನೆನೆದ ಜಮಖಾನದ ಮೇಲೆ ನಿಂತು, ಅರ್ಥ್ ವೈರು ಕತ್ತರಿಸಿದ ಸ್ಟ್ಯಾಂಡು ಹಿಡಿದಿದ್ದೆ. ಇದಕ್ಕಿಂತ ಒಳ್ಳೆಯ ಸರ್ಕ್ಯೂಟನ್ನು ಪ್ರಯೋಗಾಲಯದಲ್ಲೂ ಕಟ್ಟಲಾಗದು.

ಇದು ನನ್ನೊಬ್ಬನ ಪೆದ್ದುತನವಲ್ಲ ಎಂದು ಆಮೇಲೆ ಓದಿ ತಿಳಿದೆ. 1965ರಲ್ಲಿ ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅವರ ಗಿಟಾರು ಮೈಕಿಗೆ ತಗಲಿ ಅವರು ವೇದಿಕೆಯ ಮೇಲೇ ಪ್ರಜ್ಞೆ ತಪ್ಪಿ ಬಿದ್ದರು. ಬೂಟಿನ ರಬ್ಬರ್ ಅಟ್ಟೆಯೇ ಉಳಿಸಿತೆಂದು ಹೇಳುತ್ತಾರೆ. ಗ್ಲಾಮ್ ರಾಕ್ ಉತ್ತುಂಗದಲ್ಲಿದ್ದ 1972ರ ಮೇ ತಿಂಗಳಲ್ಲಿ ಸ್ಟೋನ್ ದ ಕ್ರೋಸ್ ಎಂಬ ತಂಡದ ಗಿಟಾರ್‌ವಾದಕ ಲೆಸ್ ಹಾರ್ವೆ ವೇಲ್ಸಿನ ಸ್ವಾನ್‌ಸೀಯಲ್ಲಿ ಅರ್ಥಿಂಗ್ ಇಲ್ಲದ ಮೈಕು ಮುಟ್ಟಿ ವೇದಿಕೆಯಲ್ಲೇ ಪ್ರಾಣ ಬಿಟ್ಟರು. ಅಂದು ಅವ್ವ ಗಣಪತಿ ನೋಡಲು ಬಾರದೆ ಮನೆಯಲ್ಲೇ ಇದ್ದಿದ್ದರೆ ಈ ಅಂಕಣಕ್ಕೆ ನೀವು ಬೇರೊಬ್ಬ ಮೇಷ್ಟ್ರನ್ನು ಹುಡುಕಬೇಕಾಗುತ್ತಿತ್ತು.

ರಾತ್ರಿ ಮನೆಯಲ್ಲಿ ಅವ್ವ ನನ್ನ ಮುಂಗೈಯ ಸುಟ್ಟ ಗೆರೆಗೆ ಹರಳೆಣ್ಣೆ ಸವರುತ್ತಿದ್ದಳು. ಅಪ್ಪ ಆಲೂಗಡ್ಡೆ ಲೋಡಿನ ಜೊತೆ ಹಾಸನದ ಮಂಡಿಗೆ ಹೋಗಿದ್ದರು, ಸದ್ಯ. ಪಕ್ಕದಲ್ಲಿ ಕಳಚಿಟ್ಟ ಅಂಗಿ ಬಿದ್ದಿತ್ತು. ಅವ್ವ ಜರಿಯನ್ನು ಒಮ್ಮೆ ಮುಟ್ಟಿ ನೋಡಿದಳು. ಬೈಗುಳ ಬರಲಿ ಎಂದು ನಾನು ಕಾದೆ.

“ಕೇಳಿದ್ರೆ ನಾನೇ ಬಿಚ್ಚಿ ಕೊಡ್ತಿದ್ನಲ್ಲೋ” ಎಂದಳು. ಅಷ್ಟೇ. ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಶಾಕಿನ ನೋವು ಎರಡು ದಿನದಲ್ಲಿ ಹೋಯಿತು. ಈ ಮಾತಿನದು ಇನ್ನೂ ಪೂರ್ತಿ ಹೋಗಿಲ್ಲ.

ತಂಡ ಅಂದೇ ಮುಗಿಯಿತು. ದುರ್ಯೋಧನ, ಭೀಮ, ಕೃಷ್ಣರ ಅಂಗಿಗಳು ಸೀನರಿಗೆ ವಾಪಸಾದವು. ಮಿಂಚಪ್ಪನ ನಿಜವಾದ ಹೆಸರು ತಿಳಿದದ್ದು 2016ರ ಜನವರಿಯಲ್ಲಿ. ಡೇವಿಡ್ ಬೋವಿ ತೀರಿಕೊಂಡ ಸುದ್ದಿಯ ಜೊತೆ ಅದೇ ಚಿತ್ರ ಕಣ್ಣಿಗೆ ಬಿತ್ತು. ಅದು ಅವರ 1973ರ ಒಂದು ಆಲ್ಬಮ್ಮಿನ ಹೊದಿಕೆಯಂತೆ. ಮಗಳ ಮೊಬೈಲಿನಲ್ಲಿ ಅಂದು ಮೊದಲ ಸಲ ಅವರ ಹಾಡು ಕೇಳಿದೆ. ಮಿಂಚು ಕಂಡು ಇಪ್ಪತ್ತಾರು ವರ್ಷದ ಮೇಲೆ ಗುಡುಗು ಕೇಳಿಸಿದಂತಾಯಿತು. ಶಬ್ದದ ವೇಗ ಸೆಕೆಂಡಿಗೆ 340 ಮೀಟರು ಎಂದು ಹಿಡಿದರೆ, ಆ ಮಿಂಚು ಬಿದ್ದದ್ದು ಸುಮಾರು 28 ಕೋಟಿ ಕಿಲೋಮೀಟರು ದೂರದಲ್ಲಿ. ಸೂರ್ಯನ ತನಕ ಹೋಗಿ, ಬಹುಪಾಲು ದಾರಿ ವಾಪಸು ಬಂದಷ್ಟು. ನಾವು ಮಿಂಚಪ್ಪನಿಂದ ಅಷ್ಟು ದೂರದಲ್ಲಿದ್ದೆವು ಎಂಬುದು ನಮ್ಮ ಪ್ರದರ್ಶನ ನೋಡಿದ ಯಾರಿಗೂ ಆಶ್ಚರ್ಯ ತರದು.

ಇದನ್ನೆಲ್ಲ ತೋಟದ ಯಜಮಾನರಿಗೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಭೀರವಾಗಿ, “ಅದಕ್ಕೇ ಬ್ಯಾಡ ಅನ್ನಿ ಅಂದಿದ್ದು ನಾನು” ಎಂದರು.

“ಇನ್ನೊಂದು ಕತೆ ಕೇಳಿ ಗೌಡ್ರೇ” ಎಂದೆ. ಕ್ವೀನ್ ಎಂಬ ತಂಡವಿದೆ. ಅವರೂ ಶುರುವಿನಲ್ಲಿ ಇಂಥ ಮಿಣಮಿಣ ಬಟ್ಟೆಯವರೇ. ಅದರ ಗಿಟಾರ್‌ವಾದಕ ಬ್ರಿಯಾನ್ ಮೇ ಭೌತಶಾಸ್ತ್ರದ ವಿದ್ಯಾರ್ಥಿ, ಲಂಡನ್ನಿನಲ್ಲಿ ಕೆಲಕಾಲ ಗಣಿತದ ಮೇಷ್ಟ್ರೂ ಆಗಿದ್ದವರು. ಹುಡುಗನಾಗಿದ್ದಾಗ ಗಿಟಾರು ಕೊಳ್ಳಲು ಹಣವಿರಲಿಲ್ಲ. 1963ರಲ್ಲಿ ಅಪ್ಪ ಮಗ ಇಬ್ಬರೂ ಕೂತು ಹಳೆಯ ಬೆಂಕಿಗೂಡಿನ ಮರ, ಮೋಟಾರ್‌ಸೈಕಲ್ಲಿನ ಸ್ಪ್ರಿಂಗು, ಸಿಕ್ಕಿದ ಗುಜರಿ ಎಲ್ಲ ಸೇರಿಸಿ ತಾವೇ ಗಿಟಾರು ಮಾಡತೊಡಗಿದರು. ಅಪ್ಪನಿಗೆ ಎಲೆಕ್ಟ್ರಾನಿಕ್ಸ್ ಬರುತ್ತಿತ್ತು. ಆ ಗಿಟಾರಿನಲ್ಲೇ ಮಗ ಲೋಕಪ್ರಸಿದ್ಧನಾದ. ಸಂಗೀತಕ್ಕಾಗಿ ಅರ್ಧಕ್ಕೆ ಬಿಟ್ಟಿದ್ದ ಪಿಎಚ್.ಡಿ.ಯನ್ನು 2007ರಲ್ಲಿ ಮುಗಿಸಿದ. ವಿಷಯ, ಸೌರಮಂಡಲದ ಧೂಳು.

“ನಿಮ್ಮ ಹುಡುಗ ಬ್ರಿಯಾನ್ ಮೇ ಆಗ್ತಾನೆ ಅಂತ ನಾನು ಹೇಳ್ತಿಲ್ಲ. ಬಹುಶಃ ನನ್ನ ಹಾಗೆ ಬರೀ ಮೇಷ್ಟ್ರೇ ಆಗಬಹುದು. ಆದರೆ ಆ ಗಿಟಾರು ಮಾಡುವಾಗ ಪಕ್ಕದಲ್ಲಿ ಅಪ್ಪ ಇದ್ದ. ನಾನು ವೈರು ಕತ್ತರಿಸುವಾಗ ಪಕ್ಕದಲ್ಲಿ ಯಾರೂ ಇರಲಿಲ್ಲ, ಯಾಕಂದ್ರೆ ಮನೆಯಲ್ಲಿ ಯಾರಿಗೂ ನಾನು ಹೇಳಿರಲಿಲ್ಲ. ನೀವು ಬೇಡ ಅಂದ್ರೆ ಹುಡುಗ ಬಿಡೋದಿಲ್ಲ, ಹೇಳೋದು ಬಿಡ್ತಾನೆ.”

ಯಜಮಾನರು ಮಾತಾಡಲಿಲ್ಲ. ಓದುಗರಲ್ಲಿ ಪಾಲಕರಾಗಿರುವವರಿಗೂ ನನ್ನ ಮಾತು ಇಷ್ಟೇ. ಮಕ್ಕಳು ವೇದಿಕೆ ಹತ್ತಿದಾಗ ಊರೆಲ್ಲ ಚಪ್ಪಾಳೆ ಹೊಡೆಯುತ್ತದೆ. ಅಂಕ ಬಂದಾಗಲೂ ಅಷ್ಟೆ, ಹಾಡಿದಾಗಲೂ ಅಷ್ಟೆ. ಮಗು ಕುಣಿಯುತ್ತಿದೆಯೋ, ಶಾಕು ಹೊಡೆದು ಒದ್ದಾಡುತ್ತಿದೆಯೋ ಎಂಬುದು ಊರಿಗೆ ತಿಳಿಯದು. ಅದು ತಿಳಿಯಬೇಕಾದರೆ ಆ ಮಗುವಿಗೆ ಕುಣಿಯಲು ಬರುತ್ತದೆಯೋ ಇಲ್ಲವೋ ಎಂದು ಗೊತ್ತಿರುವವರು ಒಬ್ಬರಾದರೂ ಸಭೆಯಲ್ಲಿ ಕೂತಿರಬೇಕು. ಶಾಲೆ ಓದದ ನನ್ನ ಅವ್ವ ಅಂದು ಕೂತಿದ್ದಳು.

ವಿದ್ಯಾರ್ಥಿಗಳಿಗೆ ಎರಡು ಮಾತು. ಹೊಳೆಯುವ ಮೊದಲು ಅರ್ಥಿಂಗ್ ನೋಡಿಕೊಳ್ಳಿ. ಕತ್ತರಿಸುವ ಮೊದಲು ಕೇಳಿ.

ಸ್ಕೂಲ್ ಡೇ ಕಳೆದ ಶನಿವಾರ ಮುಗಿಯಿತು. ಮಧ್ಯಾಹ್ನವೇ ನಾನು ಟೆಸ್ಟರ್ ಹಿಡಿದು ಪ್ರತಿ ಪ್ಲಗ್ಗೂ ನೋಡಿದೆ. 30 ಮಿಲಿಆಂಪಿಯರ್ ಸೋರಿದರೆ ತಾನೇ ಆಫ್ ಆಗುವ ಬ್ರೇಕರ್ ಹಾಕಿಸಿದೆ. ಹುಡುಗ ಹಾಡಿದ. ಹೇಳಿಕೊಳ್ಳುವಂಥದ್ದೇನಲ್ಲ, ಆದರೆ ಗಿಟಾರಿಗೆ ಆರೂ ತಂತಿ ಇದ್ದವು. ಅವನ ಅಪ್ಪ ಮೊದಲ ಸಾಲಿನಲ್ಲಿ, ಹಾಡು ಮುಗಿಯುವ ತನಕ ಕಣ್ಣು ಕದಲಿಸದೆ ಮಗನ ಕಾಲುಗಳನ್ನೇ ನೋಡುತ್ತಾ ಕೂತಿದ್ದರು.

ಅವ್ವ ಈಗ ಇಲ್ಲ. ಜರಿಯ ಒಂದು ಪಟ್ಟಿ ನನ್ನ ಹತ್ತಿರ ಇದೆ. ಪ್ರತಿ ವರ್ಷ ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ ಬಂದಾಗ ಅದನ್ನು ತೆಗೆದುಕೊಂಡು ಹೋಗುತ್ತೇನೆ. ಒಂದು ತುದಿ ಟಾರ್ಚಿನ ಸೆಲ್ಲಿಗೆ, ಇನ್ನೊಂದು ತುದಿ ಪುಟ್ಟ ಬಲ್ಬಿಗೆ. ಅಷ್ಟು ಹಳೆಯ ಸೀರೆಯಂಚಿನಲ್ಲಿ ಕರೆಂಟು ಹರಿಯುವುದಿಲ್ಲ ಎಂದು ಮಕ್ಕಳು ಪಂದ್ಯ ಕಟ್ಟುತ್ತಾರೆ. ಪ್ರತಿ ವರ್ಷವೂ ಬಲ್ಬು ಹತ್ತುತ್ತದೆ.